ರೇಟು ಹೇಳುವ ಮೊದಲು ಕೆಲಸ ನೋಡುತ್ತೇನೆ

ಗ್ಲೌಸ್ ಬೇಕೆಂದು ಫೋನ್ ಮಾಡುವವರಲ್ಲಿ ಹೆಚ್ಚಿನವರ ಮೊದಲ ಪ್ರಶ್ನೆ, "ಬಾಕ್ಸಿಗೆ ಎಷ್ಟು?" ನಾನು ಅವರಿಗೆ ತಿರುಗಿ ಕೇಳುವುದು, "ಕೈಗೆ ಏನು ತಾಗುತ್ತೆ?" ನೂರು ಗ್ಲೌಸಿನ ಒಂದು ಬಾಕ್ಸಿಗೆ ಇಷ್ಟೆಲ್ಲ ವಿಚಾರಣೆ ಯಾಕೆ ಎಂದು ಕೆಲವರಿಗೆ ಬೇಸರವಾಗುತ್ತದೆ. ಆದರೂ ಆ ಉತ್ತರ ಸಿಗುವ ತನಕ ನಾನು ರೇಟು ಹೇಳುವುದಿಲ್ಲ. ಸಾಧ್ಯವಿದ್ದರೆ ಹೋಗಿ ಕೆಲಸವನ್ನೇ ನೋಡುತ್ತೇನೆ. ಪರ್ಚೇಸ್ ವಿಭಾಗದ ಮೇಜಿನ ಮುಂದೆ ಕೂತು ಮಾತಾಡಿದರೆ ಗೊತ್ತಾಗದ ಎಷ್ಟೋ ವಿಷಯ ಯಂತ್ರದ ಪಕ್ಕ ಸ್ವಲ್ಪ ಹೊತ್ತು ನಿಂತರೆ ಗೊತ್ತಾಗುತ್ತದೆ.

ಎಣ್ಣೆ, ಗ್ರೀಸ್ ಹಿಡಿದು ಕೆಲಸ ಮಾಡುವವರ ಕೈಯಲ್ಲಿ ಲ್ಯಾಟೆಕ್ಸ್, ಅಂದರೆ ನೈಸರ್ಗಿಕ ರಬ್ಬರಿನ ಗ್ಲೌಸ್ ಕಂಡರೆ ನಾನು ಬಾಯಲ್ಲಿ ವಾದ ಮಾಡುವುದಿಲ್ಲ. ಅದೇ ಗ್ಲೌಸಿನ ಒಂದು ತುಂಡಿಗೆ ಅಲ್ಲಿಯದೇ ಎಣ್ಣೆ ಸವರಿ ಪಕ್ಕಕ್ಕಿಡುತ್ತೇನೆ. ಮಾತು ಮುಗಿಯುವ ಹೊತ್ತಿಗೆ ಅದು ಊದಿಕೊಂಡು ಜೋಲು ಬಿದ್ದಿರುತ್ತದೆ. ಅಲ್ಲಿಗೆ ಬೇಕಾಗಿರುವುದು ನೈಟ್ರೈಲ್ ಎಂಬ ಕೃತಕ ರಬ್ಬರಿನದು. ಹಾಗೆಂದು ನೈಟ್ರೈಲ್ ಎಲ್ಲದಕ್ಕೂ ಆಗುತ್ತದೆ ಎಂದುಕೊಂಡವರನ್ನೂ ತಡೆಯಬೇಕಾಗುತ್ತದೆ. ಅಸಿಟೋನ್‌ನಂಥ ದ್ರಾವಕದ ಮುಂದೆ ತೆಳು ನೈಟ್ರೈಲ್ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ವಿನೈಲ್ ಎಂಬ ಪ್ಲಾಸ್ಟಿಕ್ಕಿನದು ಅಗ್ಗ, ಆದರೆ ಹಿಗ್ಗುವುದು ಕಡಿಮೆ, ಬೇಗ ಹರಿಯುತ್ತದೆ. ಕಡಿಮೆ ಅಪಾಯದ, ಚುಟುಕಾಗಿ ಮುಗಿಯುವ ಕೆಲಸಕ್ಕೆ ಅದು ಸಾಕು.

ಜನರಿಗೆ ಅರ್ಥ ಮಾಡಿಸಲು ನಾನು ಅತಿ ಹೆಚ್ಚು ಶ್ರಮ ಹಾಕಿರುವ ವಿಷಯ ಬೇರೆ. ಗ್ಲೌಸ್ ಎಲ್ಲೂ ಹರಿಯದೆ, ತೂತಾಗದೆ ಇದ್ದರೂ ರಾಸಾಯನಿಕ ಅದರೊಳಗಿಂದ ದಾಟಿ ಬರಬಹುದು. ಊದಿ ಬಿಗಿಯಾಗಿ ಕಟ್ಟಿದ ಬಲೂನು ಮರುದಿನ ಸೊರಗಿರುತ್ತದಲ್ಲ, ಹಾಗೆ. 1996ರ ಆಗಸ್ಟ್‌ನಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ರಸಾಯನಶಾಸ್ತ್ರ ಪ್ರಾಧ್ಯಾಪಕಿ ಕ್ಯಾರೆನ್ ವೆಟರ್‌ಹಾನ್ ಅವರ ಲ್ಯಾಟೆಕ್ಸ್ ಗ್ಲೌಸಿನ ಮೇಲೆ ಡೈಮಿಥೈಲ್ ಮರ್ಕ್ಯುರಿ ಎಂಬ ಪಾದರಸದ ಸಂಯುಕ್ತದ ಕೆಲವೇ ಹನಿ ಬಿತ್ತು. ಅವರು ಪಳಗಿದ ವಿಜ್ಞಾನಿ, ಆಗಿನ ತಿಳಿವಳಿಕೆಯ ಪ್ರಕಾರ ಎಚ್ಚರಿಕೆಯನ್ನೂ ವಹಿಸಿದ್ದರು. 1997ರ ಜೂನ್‌ನಲ್ಲಿ ಪಾದರಸದ ವಿಷದಿಂದ ತೀರಿಕೊಂಡರು. ಆ ದ್ರವ ಅಂಥ ಗ್ಲೌಸನ್ನು 15 ಸೆಕೆಂಡಿನೊಳಗೆ ದಾಟುತ್ತದೆ ಎಂದು ಗೊತ್ತಾಗಿದ್ದು ಆಮೇಲಿನ ಪರೀಕ್ಷೆಯಲ್ಲಿ. ತರಬೇತಿಗೆ ಹೋದಲ್ಲೆಲ್ಲ ನಾನು ಈ ಘಟನೆ ಹೇಳುತ್ತೇನೆ. ಹೆದರಿಸಲು ಅಲ್ಲ, "ಗ್ಲೌಸ್ ಹಾಕಿದ್ದೀನಲ್ಲ" ಎಂಬ ಧೈರ್ಯಕ್ಕೆ ಆಧಾರ ಏನು ಎಂದು ಎಲ್ಲರೂ ಕೇಳಿಕೊಳ್ಳಲಿ ಎಂದು.

ಆಧಾರ ಸಿಗುವುದು ತಯಾರಕರು ಕೊಡುವ ಡೇಟಾಶೀಟಿನಲ್ಲಿ. ರಾಸಾಯನಿಕ ತಡೆಯುವ ಗ್ಲೌಸುಗಳ ಇಎನ್ ಐಎಸ್‌ಒ 374-1 ಮಾನದಂಡದಲ್ಲಿ ಗ್ಲೌಸಿಗೆ ಎ, ಬಿ, ಸಿ ಎಂದು ಮೂರು ದರ್ಜೆ. ಗೊತ್ತುಪಡಿಸಿದ ಪಟ್ಟಿಯಲ್ಲಿನ ಕನಿಷ್ಠ 6 ರಾಸಾಯನಿಕಗಳನ್ನು ತಲಾ 30 ನಿಮಿಷ ತಡೆದರೆ ಎ, 3ನ್ನು ಅಷ್ಟೇ ಹೊತ್ತು ತಡೆದರೆ ಬಿ, ಒಂದನ್ನು 10 ನಿಮಿಷ ತಡೆದರೆ ಸಿ. ಆದರೆ ದರ್ಜೆ ನೋಡಿ ಅಷ್ಟಕ್ಕೇ ನಿಲ್ಲಿಸಬಾರದು. ನಿಮ್ಮಲ್ಲಿ ಬಳಸುವ ರಾಸಾಯನಿಕದ ಹೆಸರು ಆ ಶೀಟಿನಲ್ಲಿದೆಯೇ, ಎಷ್ಟು ನಿಮಿಷ ಎಂದು ಬರೆದಿದ್ದಾರೆ ಎಂಬುದು ಮುಖ್ಯ. ಹೆಸರಿಲ್ಲದಿದ್ದರೆ ನಾನು ತಯಾರಕರನ್ನು ಕೇಳಿ ತಿಳಿಸುತ್ತೇನೆ. ಅವರಲ್ಲೂ ಉತ್ತರವಿಲ್ಲ ಎಂದರೆ ಆ ಕೆಲಸಕ್ಕೆ ಆ ಗ್ಲೌಸ್ ಮಾರುವುದಿಲ್ಲ.

ತೂತಿನ ಲೆಕ್ಕವೂ ಇದೆ. ಗ್ಲೌಸಿಗೆ 1000 ಮಿಲಿಲೀಟರ್ ನೀರು ತುಂಬಿ ನೇತುಹಾಕಿ ಸೋರುತ್ತದೆಯೇ ಎಂದು ನೋಡುತ್ತಾರೆ. ಒಟ್ಟಿಗೆ ತಯಾರಾದ ಇಡೀ ಲಾಟನ್ನಲ್ಲ, ಸ್ಯಾಂಪಲ್ ತೆಗೆದು. ವೈದ್ಯಕೀಯ ತಪಾಸಣೆಯ ಗ್ಲೌಸಿಗೆ ಯುರೋಪಿನ ಇಎನ್ 455 ಮಾನದಂಡ ಕೇಳುವ ಎಕ್ಯೂಎಲ್, ಅಂದರೆ ಲಾಟಿನಲ್ಲಿ ಒಪ್ಪಿಕೊಳ್ಳಬಹುದಾದ ದೋಷದ ಮಿತಿ, 1.5. ಈ ಅಂಕಿ ಚಿಕ್ಕದಾದಷ್ಟೂ ಒಳ್ಳೆಯದು, ಆದರೆ ಅದು ಸೊನ್ನೆಯಲ್ಲ. ಬಾಕ್ಸಿನಲ್ಲಿ ಎಲ್ಲೋ ಒಂದು ಸೂಕ್ಷ್ಮ ತೂತಿನ ಗ್ಲೌಸ್ ಇರಬಹುದು. ಹಾಗಾಗಿ ಗ್ಲೌಸ್ ತೆಗೆದ ಮೇಲೆ ಕೈ ತೊಳೆಯಲೇಬೇಕು ಎಂದು ಎಲ್ಲ ಕಡೆ ಹೇಳುತ್ತೇನೆ. 2020ರಲ್ಲಿ ಗ್ಲೌಸಿಗೆ ಹಾಹಾಕಾರ ಎದ್ದಾಗ ಬಳಸಿದ್ದನ್ನೇ ತೊಳೆದು ಹೊಸ ಬಾಕ್ಸಿಗೆ ತುಂಬಿ ಮಾರಿದವರಿದ್ದರು. ಬಾಕ್ಸಿನ ಲಾಟ್ ನಂಬರಿಗೂ ಪರೀಕ್ಷಾ ವರದಿಗೂ ತಾಳೆ ನೋಡದೆ ನಾನು ಇವತ್ತಿಗೂ ಮಾಲು ಇಳಿಸಿಕೊಳ್ಳುವುದಿಲ್ಲ.

ಇನ್ನು ಅಳತೆ. ಹಲವು ಕಡೆ ಸ್ಟೋರ್ಸ್‌ನಲ್ಲಿ ಲಾರ್ಜ್ ಒಂದೇ ಇರುತ್ತದೆ, ಎಲ್ಲರಿಗೂ ಆಗುತ್ತದೆ ಎಂಬ ಲೆಕ್ಕದಲ್ಲಿ. ಸಣ್ಣ ಕೈಯವರಿಗೆ ಬೆರಳ ತುದಿ ಜೋಲುತ್ತದೆ, ಹಿಡಿತ ಸಿಗುವುದಿಲ್ಲ, ಕೊನೆಗೆ ಗ್ಲೌಸ್ ಕಿತ್ತೆಸೆದು ಬರಿಗೈಯಲ್ಲೇ ಕೆಲಸ ಮುಗಿಸುತ್ತಾರೆ. ಸೂಪರ್‌ವೈಸರ್ ಅವರನ್ನು ಬೈಯುತ್ತಾರೆ. ಬೈಸಿಕೊಳ್ಳಬೇಕಾದವರು ಅವರಲ್ಲ. ನಾನು ಟೇಪು ಒಯ್ದು ಹೆಬ್ಬೆರಳು ಬಿಟ್ಟು ಅಂಗೈ ಸುತ್ತ ಅಳೆದು, ಯಾವ ಅಳತೆಯವರು ಎಷ್ಟು ಮಂದಿ ಎಂದು ಪಟ್ಟಿ ಮಾಡಿ ಅದರಂತೆ ಆರ್ಡರ್ ಬರೆಸುತ್ತೇನೆ. ಸುರಕ್ಷತೆಗಾಗಿ ನಾನು ಮಾಡುವ ಕೆಲಸಗಳಲ್ಲಿ ಇದರಷ್ಟು ಬೇಗ ಫಲ ಕೊಡುವುದು ಇನ್ನೊಂದಿಲ್ಲ.

ಚರ್ಮದ ತುರಿಕೆಯ ದೂರು ಬಂದರೆ ಅದನ್ನು ಹಗುರವಾಗಿ ಕಾಣುವುದಿಲ್ಲ. ಲ್ಯಾಟೆಕ್ಸ್‌ನಲ್ಲಿರುವ ಪ್ರೋಟೀನು ಕೆಲವರಲ್ಲಿ ಉಸಿರಾಟಕ್ಕೇ ತೊಂದರೆ ತರುವಂಥ ಅಲರ್ಜಿ ಎಬ್ಬಿಸುತ್ತದೆ. ಪುಡಿ ಹಾಕಿದ ಗ್ಲೌಸಾದರೆ ಆ ಪ್ರೋಟೀನು ಗಾಳಿಗೂ ಸೇರುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಪುಡಿ ಇರುವ ವೈದ್ಯಕೀಯ ಗ್ಲೌಸುಗಳನ್ನು 2017ರ ಜನವರಿಯಿಂದ ನಿಷೇಧಿಸಿತು. ನೈಟ್ರೈಲ್‌ಗೆ ಬದಲಾಯಿಸಿದರೂ ತುರಿಕೆ ಹೋಗದಿದ್ದರೆ, ತಯಾರಿಕೆಯಲ್ಲಿ ರಬ್ಬರು ಬೇಗ ಹದಗೊಳ್ಳಲು ಬಳಸುವ ಆಕ್ಸಿಲರೇಟರ್ ರಾಸಾಯನಿಕಗಳ ಮೇಲೆ ಅನುಮಾನ ಪಡಬೇಕು. ಅವಿಲ್ಲದ ಗ್ಲೌಸೂ ಸಿಗುತ್ತದೆ. ವೈದ್ಯರಿಗೆ ತೋರಿಸಿ ಕಾರಣ ಖಚಿತ ಮಾಡಿಕೊಳ್ಳಿ ಎಂದೇ ಹೇಳುತ್ತೇನೆ.

ಗ್ಲೌಸ್ ಬೇಡ ಎಂದು ಹೇಳಬೇಕಾದ ಜಾಗಗಳೂ ಇವೆ. ಡ್ರಿಲ್ಲಿಂಗ್ ಯಂತ್ರ, ಲೇಥ್‌ನಂಥ ತಿರುಗುವ ಯಂತ್ರಕ್ಕೆ ಗ್ಲೌಸ್ ಸಿಕ್ಕಿಕೊಂಡರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಹರಿತವಾದ ತಗಡಿಗೆ, ಬಿಸಿಗೆ ಈ ತೆಳು ಪದರ ಯಾವ ರಕ್ಷಣೆಯನ್ನೂ ಕೊಡದು. ಅಪಾಯಕಾರಿ ದ್ರಾವಕದ ಬದಲು ಸೌಮ್ಯವಾದದ್ದು ಬಳಸಲು ಬರುವುದಾದರೆ ಮೊದಲು ಅದನ್ನು ಮಾಡಿ ಎನ್ನುತ್ತೇನೆ. ನನ್ನ ಆರ್ಡರ್ ಕಡಿಮೆಯಾದರೂ ಸರಿ. ಗ್ಲೌಸ್ ಬರಬೇಕಾದದ್ದು ಉಳಿದೆಲ್ಲ ಉಪಾಯ ಮುಗಿದ ಮೇಲೆ.

ತೆಗೆಯುವ ಕ್ರಮ ಕಲಿಸಲು ಬಣ್ಣ ಬಳಸುತ್ತೇನೆ. ಗ್ಲೌಸ್ ಹಾಕಿದ ಕೈಗೆ ಬಣ್ಣ ಬಳಿದು, ಈಗ ತೆಗೆಯಿರಿ ಎಂದರೆ ಎಷ್ಟೋ ಮಂದಿಯ ಮಣಿಕಟ್ಟಿಗೆ ಬಣ್ಣ ಹತ್ತಿರುತ್ತದೆ. ಆಮೇಲೆ ತೋರಿಸುತ್ತೇನೆ: ಒಂದನ್ನು ಹೊರಗಿನಿಂದ ಹಿಡಿದು ಒಳಮಗ್ಗುಲು ಹೊರಗೆ ಬರುವಂತೆ ಕಳಚಿ ಇನ್ನೊಂದು ಕೈಯ ಮುಷ್ಟಿಯಲ್ಲಿ ಹಿಡಿಯಬೇಕು, ನಂತರ ಬರಿಬೆರಳನ್ನು ಉಳಿದ ಗ್ಲೌಸಿನ ಮಣಿಕಟ್ಟಿನ ಅಂಚಿನೊಳಗೆ ತೂರಿಸಿ ಎರಡನೆಯದನ್ನು ಅದರ ಮೇಲೇ ಮಗುಚಬೇಕು.

ಹೊಸ ಗಿರಾಕಿಗೆ ಸ್ಯಾಂಪಲ್ ಕೊಟ್ಟು ಬಂದ ಮೇಲೆ ಇನ್ನೊಮ್ಮೆ ಹೋಗುತ್ತೇನೆ. ಆಗ ನೋಡುವುದು ಕಸದ ಡಬ್ಬಿ, ಮುಟ್ಟದೆ, ಮೇಲಿನಿಂದಲೇ. ಬೆರಳ ತುದಿ ಹರಿದಿದ್ದರೆ ಅಳತೆ ಚಿಕ್ಕದಾಗಿರಬೇಕು, ಇಲ್ಲವೇ ಉಗುರು ತಾಗಿರಬೇಕು. ಮಣಿಕಟ್ಟಿನ ಹತ್ತಿರ ಹರಿದಿದ್ದರೆ ಒದ್ದೆ ಕೈಗೆ ಎಳೆದು ಹಾಕಿಕೊಂಡಿರುತ್ತಾರೆ. ಒಳಮಗ್ಗುಲು ಹೊರಗಾಗಿ ಬಿದ್ದಿದ್ದರೆ ಕಲಿಸಿದ್ದು ಕೈಗೆ ಹತ್ತಿದೆ. ಇಷ್ಟು ಗುರುತು ಹಾಕಿಕೊಂಡ ಮೇಲೆಯೇ ಪರ್ಚೇಸ್ ವಿಭಾಗಕ್ಕೆ ಹೋಗಿ ರೇಟು ಬರೆದುಕೊಡುತ್ತೇನೆ.