ಮೊದಲು ಲೆಕ್ಕ, ಆಮೇಲೆ ಪ್ಯಾಕೆಟ್: ಸ್ನಾತಕೋತ್ತರ ಮಟ್ಟದಲ್ಲಿ ನೆಟ್‌ವರ್ಕಿಂಗ್ ಓದುವ ಬಗೆ

ನೆಟ್‌ವರ್ಕ್ ಕೆಲಸವನ್ನು ಹಂತಗಳಾಗಿ ವಿಂಗಡಿಸುವ ಓಎಸ್‌ಐ ಮಾದರಿಯ ಏಳು ಪದರಗಳು ಬಾಯಿಪಾಠ ಬರುತ್ತವೆ ಅಂದ್ರೆ ಸಂತೋಷ. ಅದರ ಕೆಲಸ ಅಲ್ಲಿಗೆ ಮುಗಿಯಿತು. ಪದವಿ ತರಗತಿಯಲ್ಲಿ ಟಿಸಿಪಿ (ಡೇಟಾವನ್ನು ತಪ್ಪದೆ ತಲುಪಿಸುವ ಪ್ರೋಟೋಕಾಲ್) ಹೇಗೆ ಕೆಲಸ ಮಾಡುತ್ತದೆ ಎಂದು ಕೇಳುತ್ತಿದ್ದರು. ಈಗಿನ ಪ್ರಶ್ನೆಗಳೇ ಬೇರೆ. ಈ ಲಿಂಕ್ ಮೇಲೆ ಟಿಸಿಪಿಗೆ ಎಷ್ಟು ವೇಗ ಸಿಗಬೇಕು? ಸಿಗದಿದ್ದರೆ ಅಡ್ಡಿ ಎಲ್ಲಿದೆ? ಇದನ್ನು ಹೀಗೇ ಯಾಕೆ ಕಟ್ಟಿದರು?

ಲ್ಯಾಬ್ ವರದಿ ತಿದ್ದುವುದು ನನ್ನ ಕೆಲಸ. ಹೆಚ್ಚಿನ ವರದಿಗಳಲ್ಲಿ ಚೆಂದದ ಗ್ರಾಫ್ ಇರುತ್ತದೆ, ಕೆಳಗೆ "ಫಲಿತಾಂಶ ನಿರೀಕ್ಷೆಯಂತೆ ಬಂದಿದೆ" ಎಂಬ ಸಾಲು. ನಿರೀಕ್ಷೆ ಏನಿತ್ತು ಅಂತ ಎಲ್ಲೂ ಬರೆದಿರುವುದಿಲ್ಲ! ಹಾಗಾಗಿ ನಾನು ಹೇಳುವುದು ಮುಖ್ಯವಾಗಿ ಒಂದೇ. ಪ್ರಯೋಗ ಓಡಿಸುವ ಮೊದಲು ಎಷ್ಟು ಬರಬೇಕು ಅಂತ ಕಾಗದದ ಮೇಲೆ ಲೆಕ್ಕ ಹಾಕಿ, ಅಂಕಿ ಬರೆದಿಡಿ. ಆಮೇಲೆ ಅಳೆಯಿರಿ.

ಇದಕ್ಕೆ ದುಬಾರಿ ರೌಟರ್ ಬೇಡ. ಒಂದು ಲಿನಕ್ಸ್ ಲ್ಯಾಪ್‌ಟಾಪ್ ಸಾಕು. ಅದರಲ್ಲಿ ಮೂರು ನೆಟ್‌ವರ್ಕ್ ನೇಮ್‌ಸ್ಪೇಸ್ (ಒಂದೇ ಯಂತ್ರದೊಳಗಿನ ಪ್ರತ್ಯೇಕ ನೆಟ್‌ವರ್ಕ್‌ಗಳು) ಮಾಡಿ: ಕಳಿಸುವವನು, ಮಧ್ಯದಲ್ಲಿ ರೌಟರ್, ಪಡೆಯುವವನು. ಅವುಗಳನ್ನು ವೆತ್ ಜೋಡಿಗಳಿಂದ, ಅಂದ್ರೆ ಕಾಲ್ಪನಿಕ ಕೇಬಲ್‌ಗಳಿಂದ, ಸೇರಿಸಿ. ತಡ ಮತ್ತು ನಷ್ಟ ಹಾಕಲು ಟಿಸಿ ಕಮಾಂಡಿನ ನೆಟ್‌ಎಮ್ ಇದೆ. ಅದನ್ನು ಮಧ್ಯದ ರೌಟರ್ ಮೇಲೇ ಹಾಕಿ. ಕಳಿಸುವವನ ಮೇಲೆ ಹಾಕಿದರೆ ಕರ್ನಲ್‌ನೊಳಗಿನ ಟಿಸಿಪಿಯ ಸ್ವಂತ ಕ್ಯೂ ನಿಯಂತ್ರಣ ನಡುವೆ ಬಂದು ಅಳತೆ ಕೆಡುತ್ತದೆ. ನೆಟ್‌ವರ್ಕ್ ಅನುಕರಿಸುವ ಮಿನಿನೆಟ್ ಕೂಡ ಒಳಗೊಳಗೆ ನೇಮ್‌ಸ್ಪೇಸ್‌ಗಳನ್ನೇ ಬಳಸುತ್ತದೆ. ಆದರೂ ಮೊದಲ ಸಲ ಕೈಯಾರೆ ಕಟ್ಟಿ ನೋಡಿ. ರೌಟಿಂಗ್ ಟೇಬಲ್ ಅಂದ್ರೆ ಏನು ಅಂತ ಆಗ ಮರೆಯುವುದಿಲ್ಲ.

ಈಗ ಒಂದು ಪ್ರಯೋಗ. ಲಿಂಕ್ 100 ಎಂಬಿಪಿಎಸ್. ಹೋಗಿ ಬರುವ ತಡ, ಅಂದ್ರೆ ಆರ್‌ಟಿಟಿ, 100 ಮಿಲಿಸೆಕೆಂಡ್. ನೂರಕ್ಕೆ ಒಂದು ಪ್ಯಾಕೆಟ್ ಕಳೆದುಹೋಗುವಂತೆ ಮಾಡಿ. ರೀನೋ (ಟಿಸಿಪಿಯ ಹಳೆಯ ಕಂಜೆಶನ್ ಕಂಟ್ರೋಲ್, ಅಂದ್ರೆ ದಟ್ಟಣೆ ನಿಯಂತ್ರಣ ವಿಧಾನ) ಬಳಸಿದರೆ ಎಷ್ಟು ವೇಗ ಸಿಗುತ್ತದೆ? ತರಗತಿಯಲ್ಲಿ ಕೇಳಿದರೆ 99, 90, ತೀರಾ ಹುಷಾರಿನವರು 50 ಅನ್ನುತ್ತಾರೆ. 1997ರಲ್ಲಿ ಮ್ಯಾಥಿಸ್ ಮತ್ತು ಸಂಗಡಿಗರು ಕೊಟ್ಟ ಸೂತ್ರ ಹಾಕಿ ನೋಡಿ. ಸೆಗ್ಮೆಂಟ್ ಗಾತ್ರವನ್ನು (ಒಂದು ಪ್ಯಾಕೆಟ್‌ನಲ್ಲಿ ಹೋಗುವ ಡೇಟಾ, ಇಲ್ಲಿ 1,460 ಬೈಟ್) ಆರ್‌ಟಿಟಿಯಿಂದ ಭಾಗಿಸಿ, ಬಂದದ್ದನ್ನು ನಷ್ಟದ ಪ್ರಮಾಣದ ವರ್ಗಮೂಲದಿಂದ ಭಾಗಿಸಿ, ಸುಮಾರು 1.22ರಿಂದ ಗುಣಿಸಬೇಕು. 1,460 ಬೈಟ್ ಅಂದ್ರೆ 11,680 ಬಿಟ್. ಅದನ್ನು 0.1 ಸೆಕೆಂಡಿನಿಂದ ಭಾಗಿಸಿದರೆ 1,16,800. 0.01ರ ವರ್ಗಮೂಲ 0.1, ಅದರಿಂದ ಭಾಗಿಸಿದರೆ 11,68,000. 1.22ರಿಂದ ಗುಣಿಸಿ: ಸುಮಾರು 1.4 ಎಂಬಿಪಿಎಸ್. ನೂರರ ಲಿಂಕ್ ಮೇಲೆ ಒಂದೂವರೆ ಕೂಡ ಇಲ್ಲ! ಸೂತ್ರದಲ್ಲಿ ಲಿಂಕ್ ವೇಗ ಎಲ್ಲಿಯೂ ಇಲ್ಲ ಅನ್ನುವುದನ್ನು ಗಮನಿಸಿ. ಹತ್ತುಪಟ್ಟು ವೇಗದ ಲಿಂಕ್ ತಂದರೂ ಇಷ್ಟೇ.

ಈಗ ವೇಗ ಅಳೆಯುವ ಐಪರ್ಫ್ ಓಡಿಸಿ. ಅದಕ್ಕೂ ಮೊದಲು ಕಂಜೆಶನ್ ಕಂಟ್ರೋಲ್ ಅನ್ನು ರೀನೋಗೆ ಬದಲಿಸಿ, ಯಾಕಂದ್ರೆ ಲಿನಕ್ಸ್ ಸಾಮಾನ್ಯವಾಗಿ ಕ್ಯೂಬಿಕ್ ಬಳಸುತ್ತದೆ. ಆಮೇಲೆ ಅದೇ ಲಿಂಕ್ ಮೇಲೆ ಬಿಬಿಆರ್ ಹಾಕಿ. ಅದು ಲಿಂಕ್‌ನ ಬಹುಪಾಲು ತುಂಬಿಸುತ್ತದೆ. ಗೂಗಲ್‌ನವರು 2016ರಲ್ಲಿ ಪ್ರಕಟಿಸಿದ ಈ ವಿಧಾನ ಪ್ಯಾಕೆಟ್ ಕಳೆದಾಕ್ಷಣ ದಟ್ಟಣೆ ಅಂತ ತೀರ್ಮಾನಿಸುವುದಿಲ್ಲ. ಎಷ್ಟು ವೇಗದಲ್ಲಿ ತಲುಪುತ್ತಿದೆ, ಕನಿಷ್ಠ ತಡ ಎಷ್ಟು ಅಂತ ಅಂದಾಜು ಮಾಡುತ್ತದೆ. ಹಾಗಾದ್ರೆ ಎಲ್ಲರೂ ಬಿಬಿಆರ್ ಬಳಸಬಹುದಲ್ವಾ? ರೀನೋ, ಬಿಬಿಆರ್ ಎರಡನ್ನೂ ಒಂದೇ ಲಿಂಕ್ ಮೇಲೆ ಒಟ್ಟಿಗೆ ಬಿಡಿ, ಬಫರ್ ಗಾತ್ರ ಬದಲಿಸುತ್ತಾ ಹೋಗಿ. ಒಂದು ಸೆಮಿಸ್ಟರ್ ಪ್ರಾಜೆಕ್ಟಿಗೆ ಅಷ್ಟೇ ಸಾಕಾಗುತ್ತದೆ.

ಅಂಕಿ ಹೊಂದದಿದ್ದಾಗ ಪ್ರೋಟೋಕಾಲ್ ಮೇಲೆ ಗೂಬೆ ಕೂರಿಸುವ ಮೊದಲು ಉಪಕರಣ ನೋಡಿ. ನೆಟ್‌ಎಮ್ ಕ್ಯೂ ಮಾಮೂಲಿಯಾಗಿ 1,000 ಪ್ಯಾಕೆಟ್ ಮಾತ್ರ ಹಿಡಿಯುತ್ತದೆ. 1 ಜಿಬಿಪಿಎಸ್ ಲಿಂಕ್ ಮೇಲೆ ಒಂದು ದಿಕ್ಕಿಗೆ 50 ಮಿಲಿಸೆಕೆಂಡ್ ತಡ ಹಾಕಿದರೆ ಅದು 4,000ಕ್ಕೂ ಜಾಸ್ತಿ ಪ್ಯಾಕೆಟ್ ಹಿಡಿದಿಟ್ಟುಕೊಳ್ಳಬೇಕು. ಹಿಡಿಸದಿದ್ದರೆ ಸುಮ್ನೆ ಬಿಸಾಡುತ್ತದೆ. ವರದಿಯಲ್ಲಿ ಮಾತ್ರ "ಕ್ಯೂಬಿಕ್ ದುರ್ಬಲ" ಅಂತ ಬರುತ್ತದೆ. ಪಾಪ ಕ್ಯೂಬಿಕ್.

ಪ್ಯಾಕೆಟ್ ಹಿಡಿದು ತೋರಿಸುವ ವೈರ್‌ಶಾರ್ಕ್‌ನಲ್ಲೂ ಇಂಥವು ಇವೆ. ಎಂಟಿಯು, ಅಂದ್ರೆ ಪ್ಯಾಕೆಟ್‌ನ ಗರಿಷ್ಠ ಗಾತ್ರ, 1,500 ಬೈಟ್ ಇದ್ದರೂ ಹತ್ತಾರು ಸಾವಿರ ಬೈಟ್‌ಗಳ ಪ್ಯಾಕೆಟ್ ಕಂಡರೆ ಗಾಬರಿ ಬೇಡ. ತುಂಡು ಮಾಡುವ ಕೆಲಸವನ್ನು ಕರ್ನಲ್ ಕೊನೆಯ ಹಂತಕ್ಕೆ ಅಥವಾ ನೆಟ್‌ವರ್ಕ್ ಕಾರ್ಡಿಗೆ ಬಿಟ್ಟಿರುತ್ತದೆ, ನೀವು ಅದಕ್ಕೂ ಮೊದಲೇ ಹಿಡಿದಿದ್ದೀರಿ. ಈತ್‌ಟೂಲ್ ಕಮಾಂಡಿನಿಂದ ಈ ಆಫ್‌ಲೋಡ್ ನಿಲ್ಲಿಸಿ ಮತ್ತೆ ಹಿಡಿಯಿರಿ. ಇನ್ನೊಂದು, ವಿಂಡೋ (ಪಡೆಯುವವನು ಸದ್ಯ ಎಷ್ಟು ಡೇಟಾ ಹಿಡಿಯಬಲ್ಲ ಎಂಬ ಅಂಕಿ) 501 ಅಂತ ಕಾಣುವುದು. 501 ಬೈಟ್‌ಗೆ ಇಷ್ಟು ವೇಗ ಹೇಗೆ ಅಂತ ತಲೆ ಕೆರೆದುಕೊಳ್ಳುವವರನ್ನು ನೋಡಿದ್ದೇನೆ. ವಿಂಡೋ ಸ್ಕೇಲ್ 7 ಆಗಿದ್ದರೆ 2ರ 7ನೇ ಘಾತ, ಅಂದ್ರೆ 128ರಿಂದ ಗುಣಿಸಬೇಕು, 64,128 ಬೈಟ್. ಆ ಸ್ಕೇಲ್ ಎಷ್ಟು ಅನ್ನುವುದು ಸಂಪರ್ಕ ತೆರೆಯುವ ಸಿನ್ ಪ್ಯಾಕೆಟ್‌ಗಳಲ್ಲಿ ಮಾತ್ರ ಇರುತ್ತದೆ. ಹಾಗಾಗಿ ಸಂಪರ್ಕ ಶುರುವಾಗುವ ಮೊದಲೇ ಕ್ಯಾಪ್ಚರ್ ಶುರು ಮಾಡಿ.

ಇನ್ನು ಆರ್‌ಎಫ್‌ಸಿಗಳ, ಅಂದ್ರೆ ಇಂಟರ್ನೆಟ್ ಪ್ರೋಟೋಕಾಲ್‌ಗಳ ಸಂಖ್ಯೆ ಹಾಕಿದ ದಾಖಲೆಗಳ ವಿಷಯ. ಮೊದಲು 768 ಓದಿ. 1980ರ ಯುಡಿಪಿ (ತಲುಪುವ ಖಾತ್ರಿಯಿಲ್ಲದೆ ಪ್ಯಾಕೆಟ್ ಕಳಿಸುವ ಸರಳ ಪ್ರೋಟೋಕಾಲ್), ಮೂರೇ ಪುಟ. ಟಿಸಿಪಿಗೆ ಈಗ 9293. 2022ರಲ್ಲಿ ಬಂದು, 1981ರ 793ರ ಜಾಗ ತೆಗೆದುಕೊಂಡಿತು. ಅದನ್ನು ಮೊದಲಿಂದ ಕೊನೆಯವರೆಗೆ ಓದಲು ಕೂತರೆ ನಿದ್ದೆ ಖಂಡಿತ. ಸ್ಟೇಟ್ ಚಿತ್ರ ನೋಡಿ, ಆಮೇಲೆ ನೇರ 3.10ಕ್ಕೆ ಹೋಗಿ. ಪ್ರತಿ ಸ್ಥಿತಿಯಲ್ಲಿ ಪ್ಯಾಕೆಟ್ ಬಂದರೆ ಏನು ಮಾಡಬೇಕು ಅನ್ನುವುದು ಅಲ್ಲಿದೆ. 'ಮಸ್ಟ್' (ಕಡ್ಡಾಯ) ಮತ್ತು 'ಶುಡ್' (ಬಲವಾದ ಶಿಫಾರಸು) ಎಂಬ ದೊಡ್ಡಕ್ಷರದ ಪದಗಳಿಗೆ ಬೇರೆ ಬೇರೆ ಬಣ್ಣದ ಗೆರೆ ಹಾಕಿ. ಬೇರೆ ಬೇರೆ ಸಿಸ್ಟಮ್‌ಗಳು ಬೇರೆ ಬೇರೆಯಾಗಿ ನಡೆದುಕೊಳ್ಳುವುದು ಹೆಚ್ಚಾಗಿ ಶುಡ್ ಇರುವ ಕಡೆ. ಟೈಮರ್ ಇದಕ್ಕೆ ಒಳ್ಳೆ ಉದಾಹರಣೆ. ಮರುಪ್ರಸಾರದ ಕಾಯುವಿಕೆ 1 ಸೆಕೆಂಡಿಗಿಂತ ಕಡಿಮೆ ಬಂದರೆ 1ಕ್ಕೆ ಏರಿಸಬೇಕು ಎಂದು 6298 ಹೇಳುತ್ತದೆ, ಅಲ್ಲಿರುವುದು ಶುಡ್. ಲಿನಕ್ಸ್ 200 ಮಿಲಿಸೆಕೆಂಡಿಗೆ ಇಳಿಯುತ್ತದೆ.

ಪೇಪರ್‌ಗಳಲ್ಲಿ ವ್ಯಾನ್ ಜೇಕಬ್ಸನ್ 1988ರಲ್ಲಿ ಬರೆದದ್ದನ್ನು ಮೊದಲು ಓದಿ. 1986ರ ಅಕ್ಟೋಬರ್‌ನಲ್ಲಿ ಲಾರೆನ್ಸ್ ಬರ್ಕ್ಲಿ ಲ್ಯಾಬ್‌ನಿಂದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ವೇಗ ಸೆಕೆಂಡಿಗೆ 32 ಕಿಲೋಬಿಟ್‌ನಿಂದ 40 ಬಿಟ್‌ಗೆ ಬಿತ್ತು. ನಡುವಿನ ದೂರ 400 ಗಜ! ಲಿಂಕ್ ಕೆಟ್ಟಿರಲಿಲ್ಲ. ಎಲ್ಲರೂ ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸುತ್ತಿದ್ದರು. ಕಡಿಮೆಯಿಂದ ಶುರು ಮಾಡಿ ವೇಗ ಏರಿಸುವ ಸ್ಲೋ ಸ್ಟಾರ್ಟ್ ಯಾಕೆ ಬಂತು ಅಂತ ಇದಾದ ಮೇಲೆ ಯಾರೂ ವಿವರಿಸಬೇಕಾಗಿಲ್ಲ. ಅದೇ ವರ್ಷದ ಡೇವಿಡ್ ಕ್ಲಾರ್ಕ್ ಪೇಪರ್ ಕೂಡ ಓದಿ. ಇಂಟರ್ನೆಟ್‌ನ ಗುರಿಗಳನ್ನು ಅವರು ಆದ್ಯತೆಯ ಕ್ರಮದಲ್ಲಿ ಪಟ್ಟಿ ಮಾಡಿದ್ದಾರೆ. ಭಾಗಗಳು ಕೆಟ್ಟರೂ ಸಂವಹನ ನಡೆಯಬೇಕು ಅನ್ನುವುದು ಮೇಲೆ, ಯಾರು ಎಷ್ಟು ಬಳಸಿದರು ಎಂಬ ಲೆಕ್ಕ ಕಟ್ಟಕಡೆಗೆ. ಆ ಪಟ್ಟಿಯನ್ನು ತಲೆಕೆಳಗು ಮಾಡಿದರೆ ಎಂಥ ನೆಟ್‌ವರ್ಕ್ ಆಗುತ್ತಿತ್ತು ಅಂತ ಒಂದು ಪುಟ ಬರೆದು ನೋಡಿ.

ನೆಟ್‌ವರ್ಕ್‌ಗಳು ಪರಸ್ಪರ ದಾರಿ ತಿಳಿಸುವ ಬಿಜಿಪಿ ಪ್ರೋಟೋಕಾಲ್‌ಗೂ ಇದೇ ಲ್ಯಾಪ್‌ಟಾಪ್ ಸಾಕು. 2008ರ ಫೆಬ್ರವರಿಯಲ್ಲಿ ಪಾಕಿಸ್ತಾನ್ ಟೆಲಿಕಾಂ ಯೂಟ್ಯೂಬ್‌ನ ವಿಳಾಸಗಳನ್ನು ತನ್ನದೆಂದು ಘೋಷಿಸಿತು. ಯೂಟ್ಯೂಬ್ ಘೋಷಿಸಿದ್ದು 22 ಬಿಟ್‌ನ ಪ್ರಿಫಿಕ್ಸ್ (ವಿಳಾಸಗಳ ಗುಂಪನ್ನು ಗುರುತಿಸುವ ಮೊದಲ ಬಿಟ್‌ಗಳು), ಪಾಕಿಸ್ತಾನ್ ಟೆಲಿಕಾಂನದ್ದು 24. ಹೆಚ್ಚು ಬಿಟ್ ಹೊಂದುವ ದಾರಿಯನ್ನೇ ರೌಟರ್ ಆರಿಸುತ್ತದೆ, ಅಷ್ಟೇ ಸಾಕಾಯಿತು. ನೇಮ್‌ಸ್ಪೇಸ್‌ಗಳಲ್ಲಿ ಎಫ್‌ಆರ್‌ಆರ್ ಎಂಬ ರೌಟಿಂಗ್ ತಂತ್ರಾಂಶ ಓಡಿಸಿ, ಖಾಸಗಿ ವಿಳಾಸಗಳಿಂದ ಇದನ್ನೇ ಮರುಸೃಷ್ಟಿಸಿ. ಯೂಟ್ಯೂಬ್ ಮೊದಲು ತಾನೂ 24 ಘೋಷಿಸಿತು, ಆಮೇಲೆ 25. ಯಾಕೆ ಅಂತ ರೌಟಿಂಗ್ ಟೇಬಲ್ ನೋಡಿದರೆ ತಿಳಿಯುತ್ತದೆ.

ಗಣಿತಕ್ಕೆ ಹೆದರುವವರಿಗೆ: ಕ್ಯೂಯಿಂಗ್‌ನಲ್ಲಿ (ಸಾಲಿನಲ್ಲಿ ಕಾಯುವುದರ ಗಣಿತ) ಎಂಎಂ1 ಎಂಬ ಸರಳ ಮಾದರಿ ಒಂದನ್ನು ಚೆನ್ನಾಗಿ ಅರಗಿಸಿಕೊಳ್ಳಿ. ಲಿಂಕ್ ಅರ್ಧ ತುಂಬಿದ್ದರೆ ಸರಾಸರಿ ತಡ ಖಾಲಿ ಲಿಂಕಿನ 2 ಪಟ್ಟು, ಶೇಕಡ 90 ತುಂಬಿದ್ದರೆ 10 ಪಟ್ಟು, 99 ಆದರೆ 100 ಪಟ್ಟು. ಬಹಳಷ್ಟು ಪ್ರಶ್ನೆಗಳಿಗೆ ಮೊದಲ ಅಂದಾಜು ಇದರಿಂದಲೇ ಸಿಗುತ್ತದೆ.

ಪ್ರಾಜೆಕ್ಟಿಗೆ ಯುಡಿಪಿ ಮೇಲೆ ಓಡುವ ಕ್ವಿಕ್ ಪ್ರೋಟೋಕಾಲ್ ಆರಿಸಿಕೊಳ್ಳುವವರು ಈಗ ಜಾಸ್ತಿ. ಒಳ್ಳೆಯದೇ, 2021ರ ಆರ್‌ಎಫ್‌ಸಿ 9000 ಓದಲೂ ಚೆನ್ನಾಗಿದೆ. ಆದರೆ ಪ್ಯಾಕೆಟ್ ಹಿಡಿಯುವ ಟಿಸಿಪಿಡಂಪ್ ಒಂದನ್ನೇ ನಂಬಿ ಹೊರಡಬೇಡಿ. ತಲುಪಿತು ಎನ್ನುವ ಅಕ್ನಾಲೆಜ್‌ಮೆಂಟ್ ಕೂಡ ಗೂಢಲಿಪಿಯೊಳಗೇ ಇರುತ್ತದೆ, ಹೊರಗಿನಿಂದ ನೋಡಿದರೆ ಯುಡಿಪಿ ಬಿಟ್ಟು ಹೆಚ್ಚೇನೂ ಕಾಣುವುದಿಲ್ಲ. ಕೀಲಿಗಳನ್ನು ಫೈಲಿಗೆ ಬರೆಸಿ ವೈರ್‌ಶಾರ್ಕ್‌ಗೆ ಕೊಡಿ, ಜೊತೆಗೆ ಕ್ಯೂಲಾಗ್ (ಕ್ವಿಕ್ ಒಳಗೆ ನಡೆದದ್ದರ ದಾಖಲೆ) ಬರೆಯುವ ಲೈಬ್ರರಿಯನ್ನೇ ಆರಿಸಿ. ಈ ಎರಡೂ ಕೆಲಸ ಮಾಡುತ್ತಿವೆ ಅಂತ ಖಾತ್ರಿಯಾದ ಮೇಲೆ ಪ್ರಾಜೆಕ್ಟ್ ಪ್ರಸ್ತಾವ ಬರೆಯಿರಿ.