ಗೆರೆ ಏರಿದ್ದು ಯಾಕೆ?

ಲೈಂಗಿಕವಾಗಿ ಹರಡುವ ಸೋಂಕುಗಳ ಲೆಕ್ಕ ಇಡೀ ದೇಶದಿಂದ ಬಂದು ಸೇರುವ ಕಡೆ ನನ್ನ ಕೆಲಸ. ಸಿಫಿಲಿಸ್, ಗೊನೋರಿಯಾ, ಕ್ಲಮೈಡಿಯಾ ಏರುತ್ತಿವೆಯೋ ಇಳಿಯುತ್ತಿವೆಯೋ ಎಂದು ನೋಡಿ ಹೇಳಬೇಕು. ಗ್ರಾಫಿನಲ್ಲಿ ಯಾವುದೇ ಗೆರೆ ಮೇಲೇರಿದರೆ ನಾನು ಮೊದಲು ಕೇಳುವುದು ಒಂದೇ: ಟೆಸ್ಟ್ ಎಷ್ಟು ಮಾಡಿದ್ದಾರೆ?

ಕ್ಲಮೈಡಿಯಾ ತಗುಲಿದ ಹೆಂಗಸರಲ್ಲಿ ಹೆಚ್ಚಿನವರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಟೆಸ್ಟ್ ಮಾಡಿದರಷ್ಟೇ ಗೊತ್ತಾಗುತ್ತದೆ. ಹಾಗಿದ್ದಮೇಲೆ ಟೆಸ್ಟ್ ಜಾಸ್ತಿಯಾದರೆ ಕೇಸೂ ಜಾಸ್ತಿ ಕಾಣುತ್ತವೆ, ಅಲ್ವಾ? ಗೊನೋರಿಯಾಕ್ಕೆ ಗಂಟಲಿನಿಂದಲೂ ಸ್ವಾಬ್ ತೆಗೆಯಲು ಶುರು ಮಾಡಿದರೆ, ಮೂತ್ರದ ಟೆಸ್ಟಿಗೆ ಸಿಗದ ಸೋಂಕೂ ಲೆಕ್ಕಕ್ಕೆ ಬರುತ್ತದೆ. 2020ರಲ್ಲಿ ಇದರ ಉಲ್ಟಾ ಆಯಿತು. ಕೋವಿಡ್‌ನಿಂದ ಕ್ಲಿನಿಕ್‌ಗೆ ಬರುವವರು ಕಡಿಮೆಯಾದರು, ಹಲವು ದೇಶಗಳಲ್ಲಿ ಕ್ಲಮೈಡಿಯಾ ಕೇಸುಗಳೂ ಇಳಿದವು. ಅದನ್ನು ಸುಮ್ನೆ ಒಳ್ಳೆಯ ಸುದ್ದಿ ಎಂದು ಬರೆದುಬಿಡಲು ನನಗೆ ಮನಸ್ಸಾಗಲಿಲ್ಲ. ಕೇಸಿನ ಪಕ್ಕದಲ್ಲೇ ಟೆಸ್ಟಿನ ಸಂಖ್ಯೆ, ನೂರಕ್ಕೆ ಎಷ್ಟು ಪಾಸಿಟಿವ್ ಎನ್ನುವುದನ್ನೂ ಇಡುತ್ತೇನೆ. ವಯಸ್ಸು, ಲಿಂಗದ ಪ್ರಕಾರ ಬಿಡಿಸಿಯೂ ನೋಡುತ್ತೇನೆ.

ಜಾಸ್ತಿ ಹೊತ್ತು ಹಿಡಿಯುವುದು ಸಿಫಿಲಿಸ್. ಆರ್‌ಪಿಆರ್ ಎನ್ನುವ ಸಿಫಿಲಿಸ್ ರಕ್ತಪರೀಕ್ಷೆಯ ರಿಪೋರ್ಟ್ ಒಬ್ಬರದೇ ಹಲವು ಸಲ ಬರುತ್ತದೆ. ಸ್ಯಾಂಪಲ್ ಎಷ್ಟು ಪಟ್ಟು ತೆಳುಮಾಡಿದರೂ ಪಾಸಿಟಿವ್ ಬರುತ್ತದೆ ಎನ್ನುವುದೇ ಅದರ ಅಂಕಿ. ಮೊದಲು 1:64, ಕೆಲವು ತಿಂಗಳ ಮೇಲೆ 1:16, ಆಮೇಲೆ 1:4. ಮೂರೂ ಪಾಸಿಟಿವ್. ಆದರೆ ಕೇಸು ಒಂದೇ, ಔಷಧಿ ಕೆಲಸ ಮಾಡುತ್ತಿದೆ ಅಷ್ಟೇ. ಅದೇ 1:4 ಇದ್ದದ್ದು ಮುಂದೆ 1:32 ಆದರೆ ಮತ್ತೆ ಸೋಂಕು ತಗುಲಿರಬಹುದು. ಆಗ ಕ್ಲಿನಿಕ್‌ಗೆ ಫೋನ್ ಮಾಡಿ ಕೇಳಲೇಬೇಕು. ಹೆಸರು ನಮಗೆ ಬೇಡ, ಕೋಡ್ ಸಾಕು. ಆ ಕೋಡ್ ಎಲ್ಲ ಕಡೆ ಒಂದೇ ಆಗಿರಬೇಕು, ಇಲ್ಲದಿದ್ದರೆ ಒಬ್ಬರೇ ಮೂವರಾಗುತ್ತಾರೆ.

ಇತ್ತೀಚಿನ ತಿಂಗಳುಗಳ ಗೆರೆ ಯಾವಾಗಲೂ ಕೆಳಗೆ ಬಾಗಿರುತ್ತದೆ. ರಿಪೋರ್ಟ್ ಇನ್ನೂ ಬರಬೇಕಿರುತ್ತದೆ. ಆ ಭಾಗವನ್ನು ಚುಕ್ಕಿ ಗೆರೆಯಲ್ಲೇ ಹಾಕುತ್ತೇನೆ.

ನಾನು ಹೆಚ್ಚು ನಂಬುವುದು ಗರ್ಭಿಣಿಯರ ಸಿಫಿಲಿಸ್ ಟೆಸ್ಟನ್ನು. ಲಕ್ಷಣ ಇರಲಿ ಬಿಡಲಿ, ತಪಾಸಣೆಗೆ ಬಂದವರಿಗೆಲ್ಲ ಮಾಡುವ ಟೆಸ್ಟ್ ಅದು. ಹಾಗಾಗಿ ವರ್ಷದಿಂದ ವರ್ಷಕ್ಕೆ ಹೋಲಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಸುಮಾರು 80 ಲಕ್ಷ ವಯಸ್ಕರಿಗೆ ಹೊಸದಾಗಿ ಸಿಫಿಲಿಸ್ ತಗುಲಿತು. ತಾಯಿಯಿಂದ ಮಗುವಿಗೆ ದಾಟಿದ ಪ್ರಕರಣಗಳು ಸುಮಾರು 7 ಲಕ್ಷ. ಪೆನಿಸಿಲಿನ್‌ನಿಂದ ತಡೆಯಬಹುದಾದ ರೋಗ ಇದು. ಅದಕ್ಕೇ ಈ ಪ್ರಕರಣಗಳನ್ನು ನಾನು ಬರೀ ಕೂಡಿಸಿ ಬಿಡುವುದಿಲ್ಲ, ಒಂದೊಂದನ್ನೂ ತೆರೆದು ಓದುತ್ತೇನೆ. ತಾಯಿ ತಪಾಸಣೆಗೆ ಬಂದಿದ್ದಳೇ? ಬಂದಾಗ ಟೆಸ್ಟ್ ಆಯಿತೇ? ಪಾಸಿಟಿವ್ ಬಂದಮೇಲೆ, ಹೆರಿಗೆಗೆ ಕನಿಷ್ಠ 30 ದಿನ ಮುಂಚೆ ಇಂಜೆಕ್ಷನ್ ಸಿಕ್ಕಿತೇ? ಎಲ್ಲಿ ಕೈತಪ್ಪಿತು ಎನ್ನುವುದನ್ನು ಜಿಲ್ಲಾವಾರು ಬರೆದು, ಆಯಾ ಜಿಲ್ಲೆಗೇ ವಾಪಸ್ ಕಳಿಸುತ್ತೇನೆ.