ನಾನು ನೀಟಾಗಿ ಬರೆದ ಡಯಲ್ ಸುಳ್ಳು ಹೇಳಿತು

ವಾರವೆಲ್ಲ ಮೊಬೈಲ್ ಆ್ಯಪ್‌ಗಳ ಸ್ಕ್ರೀನ್ ಡಿಸೈನ್ ಮಾಡುತ್ತೇನೆ. ಭಾನುವಾರ ಕೈಗೆ ಬರುವುದು ಸೋಲ್ಡರಿಂಗ್ ಐರನ್. ಈ ಸಲ ಬೆಂಗಳೂರಿನ ಸಂಡೇ ಬಜಾರಿನಲ್ಲಿ ಐದು ವಾಲ್ವಿನ (ಟ್ರಾನ್ಸಿಸ್ಟರಿಗಿಂತ ಹಿಂದಿನ ಗಾಜಿನ ಕೊಳವೆ) ಹಳೇ ರೇಡಿಯೋ ಸಿಕ್ಕಿತು. ಮರದ ಪೆಟ್ಟಿಗೆ ಗಟ್ಟಿ, ಒಳಗೆ ಜಿರಳೆ ಸಂಸಾರ.

ಇಂಥದ್ದನ್ನು ತಂದ ಕೂಡಲೇ ಪ್ಲಗ್ಗಿಗೆ ಹಾಕಬಾರದು. ಚಾರ್ಜ್ ಹಿಡಿದಿಡುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಒಣಗಿರುತ್ತವೆ. ಒಂದು ಶಾರ್ಟ್ ಆದರೂ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಅವನ್ನು ಬದಲಿಸಿದೆ. ಸ್ಪೀಕರ್ ನಡೆಸುವ ಇಎಲ್ 84 ವಾಲ್ವಿನ ಗ್ರಿಡ್ಡಿಗೆ, ಅಂದರೆ ಸಿಗ್ನಲ್ ಒಳಹೋಗುವ ತಂತಿ ಜಾಲರಿಗೆ, ಹೋಗುವ ಪೇಪರ್ ಕೆಪಾಸಿಟರನ್ನೂ ಕಿತ್ತೆ. ಅದು ಸೋರಿದರೆ ವಾಲ್ವ್ ವಿಪರೀತ ಕಾದು ಹಾಳಾಗುತ್ತದೆ. ಆಮೇಲೂ 60 ವಾಟಿನ ಹಳೇ ತಂತಿ ಬಲ್ಬನ್ನು ಸೀರೀಸ್‌ನಲ್ಲಿ ಕೊಟ್ಟೇ ಆನ್ ಮಾಡಿದ್ದು. ಎಲ್ಇಡಿ ಇದಕ್ಕೆ ನಡೆಯುವುದಿಲ್ಲ. ಬಲ್ಬು ಒಮ್ಮೆ ಬೆಳಗಿ ಮಂಕಾಯಿತು, ಅಂದರೆ ಒಳಗೆ ಶಾರ್ಟ್ ಇಲ್ಲ, ಅಲ್ಲಿಗೆ ಉಸಿರು ಬಂತು. ಒಳಗೆ ಸುಮಾರು 250 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಕೂತಿರುತ್ತದೆ. ರೆಸಿಸ್ಟರ್ ಕೊಟ್ಟು ಖಾಲಿ ಮಾಡಿ, ಮೀಟರಿನಲ್ಲಿ ನೋಡದೆ ನಾನು ಬೆರಳು ಇಡುವುದಿಲ್ಲ.

ಇಷ್ಟೂ ಸಲೀಸಾಗಿ ಆಯಿತು. ಎಡವಿದ್ದು ನನ್ನ ಸ್ವಂತ ಕಸುಬಿನಲ್ಲಿ.

ಡಯಲ್ ಗಾಜಿನ ಹಿಂಬದಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಧೂಳಿನ ಜೊತೆ ಅಕ್ಷರಗಳೂ ಬಟ್ಟೆಗೆ ಬಂದವು! ಮೀಡಿಯಂ ವೇವ್ ಸಾಲು ಪೂರ್ತಿ ಮಾಯ. ಪುಣ್ಯಕ್ಕೆ ಬಿಚ್ಚುವ ಮುಂಚೆ ಫೋಟೋ ತೆಗೆದಿದ್ದೆ, ಓರೆಯಾಗಿ. ಇರಲಿ, ಡಿಸೈನರ್ ಅಲ್ವಾ ನಾನು, ಕಂಪ್ಯೂಟರಿನಲ್ಲಿ ಹೊಸದಾಗಿ ಬರೆದೆ. ಫೋಟೋದಲ್ಲಿ ಅಂಕಿಗಳ ನಡುವಿನ ಜಾಗ ಒಂದೇ ಸಮ ಇರಲಿಲ್ಲ. ಫೋಟೋ ಓರೆ, ಅದಕ್ಕೇ ಹಾಗೆ ಅಂದುಕೊಂಡು ಎಲ್ಲವನ್ನೂ ಗ್ರಿಡ್ಡಿಗೆ ಕೂರಿಸಿದೆ. ವಾಲ್ವಿನ ಗ್ರಿಡ್ಡಲ್ಲ, ಸಾಫ್ಟ್‌ವೇರಿನ ಸಮ ಅಂತರದ ಗೆರೆಗಳದು. ಪಾರದರ್ಶಕ ಸ್ಟಿಕ್ಕರ್ ಮಾಡಿ ಅಂಟಿಸಿದೆ. ನೋಡೋಕೆ ಬಲು ಚೆಂದ.

ಬೆಂಗಳೂರು ಆಕಾಶವಾಣಿ ಬರುವುದು 612 ಕಿಲೋಹರ್ಟ್ಸ್‌ನಲ್ಲಿ. ನನ್ನ ಮುಳ್ಳು 700 ದಾಟಿ ನಿಂತಿತ್ತು. ದಾರ ಜಾರಿದೆ ಅಂತ ಮುಳ್ಳನ್ನು ಎಳೆಯುವ ಡಯಲ್ ದಾರವನ್ನು ಬಿಚ್ಚಿ ಎರಡು ಸಲ ಸುತ್ತಿದೆ. ಸುಮ್ನೆ ಅರ್ಧ ದಿನ ಹೋಯಿತು.

ಆಮೇಲೆ ಸ್ಟೇಷನ್ ಹಿಡಿಯುವ ಗ್ಯಾಂಗ್ ಕಂಡೆನ್ಸರ್ ಕಡೆ ಕಣ್ಣು ಹೋಯಿತು. ನಾಬ್ ತಿರುಗಿಸಿದಂತೆ ಅದರ ತಗಡುಗಳು ಒಂದರೊಳಗೊಂದು ಸರಿಯುತ್ತವೆ. ತಗಡು ಹೊರಬಂದು ಕೆಪಾಸಿಟೆನ್ಸ್, ಅಂದರೆ ಚಾರ್ಜ್ ಹಿಡಿಯುವ ಸಾಮರ್ಥ್ಯ, ಕಾಲು ಭಾಗಕ್ಕೆ ಇಳಿದಾಗ ಫ್ರೀಕ್ವೆನ್ಸಿ ಎರಡು ಪಟ್ಟಾಗುತ್ತದೆ, ನಾಲ್ಕು ಪಟ್ಟಲ್ಲ. ಹಾಗಾಗಿ ಈ ರೇಡಿಯೋದಲ್ಲಿ ಕೆಳಗಿನ ಅಂಕಿಗಳು ಕಾಲು ಚಾಚಿ ಕೂತಿದ್ದರೆ, 1600ರ ಕಡೆಯವು ಒತ್ತೊತ್ತಾಗಿ ನಿಂತಿದ್ದವು. ಆ ಡಯಲ್ ಬರೆದವರಿಗೆ ಜಾಗ ಹಂಚುವ ಹಕ್ಕೇ ಇರಲಿಲ್ಲ. ತಗಡು ಹೇಳಿದ ಕಡೆ ಅಂಕಿ, ಅಷ್ಟೇ.

ಸ್ಟಿಕ್ಕರ್ ಕಿತ್ತು ಗಾಜಿಗೆ ಮಾಸ್ಕಿಂಗ್ ಟೇಪ್ ಹಾಕಿದೆ. ಬೇಕಾದ ಫ್ರೀಕ್ವೆನ್ಸಿ ಹೊರಡಿಸುವ ಗೆಳೆಯನ ಸಿಗ್ನಲ್ ಜನರೇಟರ್ ತಂದು ಪ್ರತಿ 100 ಕಿಲೋಹರ್ಟ್ಸ್‌ಗೆ ಪೆನ್ಸಿಲ್ ಗೀಟು ಎಳೆದೆ. ಟೇಪನ್ನು ಸ್ಕ್ಯಾನ್ ಮಾಡಿ ಅದರ ಮೇಲೇ ಅಂಕಿ ಬರೆದೆ. ಈಗ 612 ತನ್ನ ಜಾಗದಲ್ಲೇ ಸಿಗುತ್ತದೆ.

ಆನ್ ಮಾಡಿದ ತಕ್ಷಣ ಡಯಲ್ ದೀಪ ಹತ್ತುತ್ತದೆ. ವಾಲ್ವ್ ಕಾದು ಸದ್ದು ಬರಲು ಸುಮಾರು ಅರ್ಧ ನಿಮಿಷ ಬೇಕು. ಅಕ್ಕನ ಮಗಳು ಮೊನ್ನೆ ಅಷ್ಟರಲ್ಲಿ ಮೂರು ಸಲ ಆಫ್ ಮಾಡಿ ಆನ್ ಮಾಡಿದಳು.